ಸೂರ್ಯನ ಬೆನ್ನು ಹತ್ತಿದ ಗಡಿಯಾರ

1868ರ ಆಗಸ್ಟ್ 18, ಮಂಗಳವಾರ. ಉತ್ತರ ಕರ್ನಾಟಕದ ಮಂದಿ ಬೆನಕನ ಅಮಾವಾಸ್ಯೆ ಎನ್ನುವ ದಿನ. ಕೃಷ್ಣಾ ಸೀಮೆಯ ಜಮಖಂಡಿಯಲ್ಲಿ ಅಂದು ಬೆಳಿಗ್ಗೆ ಮೂವತ್ತರ ಹರೆಯದ ಸೇನಾ ಎಂಜಿನಿಯರ್ ಒಬ್ಬರು ದೂರದರ್ಶಕದ ಪಕ್ಕದಲ್ಲಿ ಕಾದು ನಿಂತಿದ್ದರು. ಹೆಸರು ಲೆಫ್ಟಿನೆಂಟ್ ಜಾನ್ ಹರ್ಷೆಲ್. ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲರ ಮೊಮ್ಮಗ. ಲಂಡನ್ನಿನ ರಾಯಲ್ ಸೊಸೈಟಿ ಕಳಿಸಿಕೊಟ್ಟಿದ್ದ ಆ ದೂರದರ್ಶಕದ ಮಸೂರ ಐದು ಇಂಚಿನದು. ಅದರ ಕಣ್ಣಿನ ತುದಿಗೆ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸುವ ರೋಹಿತದರ್ಶಕ, ಕೆಳಗೆ ಇಡೀ ಕೊಳವೆಯನ್ನು ಸೂರ್ಯನ ಹಿಂದೆ ಹಿಂದೆಯೇ ಹೊರಳಿಸುವ ಗಡಿಯಾರ ಯಂತ್ರ. ಯಂತ್ರವೆಲ್ಲ ಸಜ್ಜಾಗಿತ್ತು. ಆದರೆ ಅದು ಶ್ರಾವಣ. ಆಕಾಶದ ತುಂಬ ಓಡಾಡುವ ಮೋಡ.

ಆ ವರ್ಷದ ಗ್ರಹಣ ಸಾಮಾನ್ಯದ್ದಲ್ಲ. ಏಡನ್ನಿನ ಕಡೆಯಿಂದ ಬಂದ ಚಂದ್ರನ ನೆರಳು ಅರಬ್ಬೀ ಸಮುದ್ರ ದಾಟಿ, ಬಿಜಾಪುರ ಸೀಮೆಯನ್ನು ಹಾಯ್ದು, ಗುಂಟೂರು ಮಚಲೀಪಟ್ಟಣದ ಮೇಲೆ ಬಂಗಾಳ ಕೊಲ್ಲಿಗೆ ಇಳಿದು, ಸಯಾಮಿನ ಕೊಲ್ಲಿಯಲ್ಲಿ 6 ನಿಮಿಷ 47 ಸೆಕೆಂಡುಗಳ ಗರಿಷ್ಠ ಕತ್ತಲನ್ನು ಮುಟ್ಟಿತು. ರೋಹಿತದರ್ಶಕ ಎಂಬ ಹೊಸ ಉಪಕರಣ ಕೈಗೆ ಬಂದ ಮೇಲೆ ಒದಗಿದ ಮೊದಲ ದೊಡ್ಡ ಖಗ್ರಾಸ ಗ್ರಹಣವದು. ಸೂರ್ಯನ ಅಂಚಿನಲ್ಲಿ ಕೆಂಪಗೆ ಚಾಚಿಕೊಳ್ಳುವ ಜ್ವಾಲೆಗಳು ಏನು? ಅನಿಲವೇ, ಮೋಡವೇ, ಬೆಟ್ಟವೇ? ಉತ್ತರಕ್ಕಾಗಿ ಯುರೋಪಿನ ವಿಜ್ಞಾನ ದಕ್ಷಿಣ ಭಾರತದ ಊರುಗಳಿಗೆ ಹಡಗಿನಲ್ಲಿ ಪೆಟ್ಟಿಗೆಗಟ್ಟಲೆ ಹಿತ್ತಾಳೆ ಮತ್ತು ಗಾಜನ್ನು ಕಳಿಸಿತು.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಗಾಜಿನ ಬಗ್ಗೆ ಹೇಳುತ್ತಾರೆ. ಮಸೂರ ಎಷ್ಟು ಇಂಚು, ಪಟ್ಟಕ ಎಷ್ಟು, ಕಂಡ ಗೆರೆ ಯಾವ ಬಣ್ಣ ಎಂದು. ಹಿತ್ತಾಳೆಯ ಕಡೆಗೆ, ಎಂದರೆ ಆ ಗಾಜನ್ನು ಸೂರ್ಯನ ಮೇಲೆ ಕದಲದಂತೆ ಹಿಡಿದ ಹಲ್ಲಿನ ಚಕ್ರ, ತಿರುಪು, ತೂಕದ ಗುಂಡುಗಳ ಕಡೆಗೆ ಯಾರ ಗಮನವೂ ಹೋಗುವುದಿಲ್ಲ. ಗ್ರಹಣ ವಿಜ್ಞಾನದ ಅರ್ಧ ಇತಿಹಾಸ ಇರುವುದೇ ಅಲ್ಲಿ.

ಲೆಕ್ಕ ಸರಳ. ಭೂಮಿ ಗಂಟೆಗೆ 15 ಡಿಗ್ರಿ ಹೊರಳುತ್ತದೆ. ಸೂರ್ಯಬಿಂಬದ ಅಗಲ ಸುಮಾರು ಅರ್ಧ ಡಿಗ್ರಿ. ಹಾಗಾಗಿ ನೆಲಕ್ಕೆ ನೆಟ್ಟ ದೂರದರ್ಶಕದಲ್ಲಿ ಸೂರ್ಯ ತನ್ನ ಅಗಲದಷ್ಟು ದೂರವನ್ನು ಎರಡೇ ನಿಮಿಷದಲ್ಲಿ ಜಾರಿಬಿಡುತ್ತಾನೆ. ಖಗ್ರಾಸದ ಕತ್ತಲೆ ಇರುವುದೇ ಕೆಲವು ನಿಮಿಷ. ಅಷ್ಟರಲ್ಲಿ ರೋಹಿತದರ್ಶಕದ ಕೂದಲೆಳೆಯಷ್ಟು ಸಣ್ಣ ಸೀಳುಗಂಡಿಯನ್ನು ಒಂದು ಜ್ವಾಲೆಯ ಮೇಲೆ ಕೂರಿಸಬೇಕು, ಕೂರಿಸಿದ್ದು ಅಲ್ಲೇ ಇರಬೇಕು, ಗೆರೆಗಳ ಜಾಗವನ್ನು ಅಳೆಯಬೇಕು. ಕೈಯಿಂದ ಕೊಳವೆ ದೂಡುತ್ತ ಈ ಕೆಲಸ ಮಾಡುವುದು ಓಡುವ ಬಂಡಿಯಲ್ಲಿ ಕೂತು ಸೂಜಿಗೆ ದಾರ ಪೋಣಿಸಿದ ಹಾಗೆ.

ಆಕಾಶದ ವೇಗಕ್ಕೆ ಒಂದು ವಸ್ತುವನ್ನು ಹೊರಳಿಸಬೇಕು ಎಂಬ ಯೋಚನೆ ನಮ್ಮಲ್ಲಿ ಹೊಸದೇನಲ್ಲ. ಆರ್ಯಭಟ ಕ್ರಿ.ಶ. 499ರ ಸುಮಾರಿನ ತನ್ನ ಗ್ರಂಥದ ಗೋಲಪಾದದಲ್ಲಿ, ಹಗುರ ಮರದ ಸಮತೂಕದ ಗೋಲವೊಂದನ್ನು ಪಾದರಸ, ಎಣ್ಣೆ, ನೀರಿನ ಸಹಾಯದಿಂದ ಕಾಲಕ್ಕೆ ಸರಿಯಾಗಿ ತಿರುಗಿಸುವ ಮಾತನ್ನು ಆಡುತ್ತಾನೆ. ವ್ಯಾಖ್ಯಾನಕಾರರು ಅದನ್ನು ಬಿಡಿಸಿ ಹೇಳಿದ್ದಾರೆ: ನೀರು ತುಂಬಿದ ಪಾತ್ರೆ, ಅದರಲ್ಲಿ ಪಾದರಸ ತುಂಬಿ ತೂಕ ಮಾಡಿದ ಸೋರೆಬುರುಡೆ, ಬುರುಡೆಗೆ ಕಟ್ಟಿದ ದಾರ ಗೋಲಕ್ಕೆ ಸುತ್ತಿದೆ. ತಳದ ತೂತಿನಿಂದ ನೀರು ಸೋರಿದಂತೆ ಬುರುಡೆ ಇಳಿಯುತ್ತದೆ, ದಾರ ಗೋಲವನ್ನು ಎಳೆಯುತ್ತದೆ. ಅಚ್ಚಿಗೆ ಎಣ್ಣೆ. ಇಳಿಯುವ ತೂಕದ ಬಲವನ್ನು ಹದಕ್ಕೆ ತಂದು ಆಕಾಶದ ಗತಿಗೆ ಹೊಂದಿಸುವುದು, ಅಷ್ಟೇ ಗುಟ್ಟು. ಜೈಪುರದ ಸಾಮ್ರಾಟ ಯಂತ್ರ ಇದೇ ವಿದ್ಯೆಯ ಇನ್ನೊಂದು ಅರ್ಧವನ್ನು ಕಲ್ಲುಗಾರೆಯಲ್ಲಿ ತೋರಿಸುತ್ತದೆ. 27 ಮೀಟರ್ ಎತ್ತರದ ಆ ಇಳಿಜಾರು ಗೋಡೆ ಜೈಪುರದ ಅಕ್ಷಾಂಶದಷ್ಟೇ, ಅಂದರೆ ಸುಮಾರು 27 ಡಿಗ್ರಿ ಓರೆಯಾಗಿ, ಧ್ರುವದ ಕಡೆಗೆ ಮುಖ ಮಾಡಿದೆ. ಭೂಮಿಯ ಅಚ್ಚಿಗೆ ಸಮಾನಾಂತರವಾದ ಒಂದು ಅಚ್ಚು, ಆ ಅಚ್ಚಿನ ಸುತ್ತ ಭೂಮಿಗೆ ಎದುರು ದಿಕ್ಕಿನಲ್ಲಿ ಒಂದೇ ಹದದ ತಿರುಗಾಟ. ಇವೆರಡೂ ಸೇರಿದರೆ ಸೂರ್ಯ ನಿಂತಲ್ಲೇ ನಿಲ್ಲುತ್ತಾನೆ.

ಇವೆರಡನ್ನೂ ದೂರದರ್ಶಕಕ್ಕೆ ಕೂಡಿಸಿ, ಮುಂದಿನವರೆಲ್ಲ ಅನುಸರಿಸುವಂತೆ ಮಾಡಿದವರು ಜರ್ಮನಿಯ ಯೋಸೆಫ್ ಫ್ರಾನ್‌ಹೋಫರ್. ರಷ್ಯಾ ಸಾಮ್ರಾಜ್ಯದ ದೋರ್ಪಾತ್ ವೀಕ್ಷಣಾಲಯಕ್ಕೆ 1824ರಲ್ಲಿ ಅವರು ಒದಗಿಸಿದ 24 ಸೆಂಟಿಮೀಟರ್ ಮಸೂರದ ದೂರದರ್ಶಕದಲ್ಲಿ ಇಳಿಯುವ ತೂಕದ ಗುಂಡೊಂದು ಗಡಿಯಾರ ಯಂತ್ರವನ್ನು ನಡೆಸುತ್ತಿತ್ತು, ಅದು ಕೊಳವೆಯನ್ನು ತಾರೆಯ ಜೊತೆ ಒಯ್ಯುತ್ತಿತ್ತು. ಇಂದಿನ ಹವ್ಯಾಸಿಗಳು ಜರ್ಮನ್ ಮೌಂಟ್ ಎಂದು ಕರೆಯುವುದು ಇದೇ ಕಟ್ಟನ್ನು. ಒಂದು ಕಡೆ ದೂರದರ್ಶಕ, ಇನ್ನೊಂದು ಕಡೆ ತೂಕ ಸರಿದೂಗಿಸುವ ಗುಂಡು, ನಡುವೆ ಓರೆ ಅಚ್ಚು. ಮುಂದೆ 1860ರಲ್ಲಿ ವಾರನ್ ದ ಲಾ ರೂ ಇಂಥದೇ ಗಡಿಯಾರ ಚಾಲನೆಯ ಕ್ಯಾಮೆರಾವನ್ನು ಸ್ಪೇನಿಗೆ ಒಯ್ದು ಗ್ರಹಣದ ಚಿತ್ರ ತೆಗೆದು, ಕೆಂಪು ಜ್ವಾಲೆಗಳು ಚಂದ್ರನವಲ್ಲ, ಸೂರ್ಯನವೇ ಎಂದು ಗಟ್ಟಿಮಾಡಿದ್ದರು. ಚಂದ್ರ ಸರಿದಂತೆ ಒಂದು ಕಡೆಯ ಜ್ವಾಲೆ ಮುಚ್ಚುತ್ತ, ಇನ್ನೊಂದು ಕಡೆಯದು ತೆರೆಯುತ್ತ ಹೋದದ್ದು ಆ ಚಿತ್ರಗಳಲ್ಲಿ ಕಾಣುತ್ತಿತ್ತು.

ಜಮಖಂಡಿಗೆ ಬಂದ ಯಂತ್ರ ಯಾರ್ಕ್ ನಗರದ ಕುಕ್ ಕಾರ್ಖಾನೆಯದು. ಯಾರ್ಕಿನ ಅಕ್ಷಾಂಶ 54 ಡಿಗ್ರಿ. ಅಲ್ಲಿ ಧ್ರುವನಕ್ಷತ್ರ ಆಕಾಶದ ಅರ್ಧಕ್ಕಿಂತ ಮೇಲೆ ಇರುತ್ತದೆ, ದೂರದರ್ಶಕದ ಅಚ್ಚೂ ಅಷ್ಟೇ ಕಡಿದಾಗಿ ನಿಲ್ಲುತ್ತದೆ. ಜಮಖಂಡಿಯದು ಹದಿನಾರೂವರೆ ಡಿಗ್ರಿ. ಇಲ್ಲಿ ಅಚ್ಚು ಮಲಗಿದಂತೆಯೇ ಇರಬೇಕು. ಉತ್ತರ ದೇಶದ ಯಂತ್ರಗಳನ್ನು ನಮ್ಮ ಕಡೆಗೆ ತಂದವರೆಲ್ಲ ಎದುರಿಸಿದ ಮೊದಲ ತೊಡಕು ಇದು. ಅಚ್ಚನ್ನು ಇಷ್ಟು ಕೆಳಗೆ ಇಳಿಸಿದರೆ ಭಾರದ ನಡು ಬದಲಾಗುತ್ತದೆ, ತೂಕದ ಗುಂಡಿನ ಕಂಬಿ ಕಾಲಿಗೆ ತಾಗುತ್ತದೆ. ನೂರೈವತ್ತು ವರ್ಷದ ನಂತರವೂ, ಅಂಗಡಿಯಿಂದ ಮೌಂಟ್ ತಂದು ಬೆಂಗಳೂರಿನ ತಾರಸಿಯ ಮೇಲೆ 13 ಡಿಗ್ರಿಗೆ ಇಳಿಸುವವರಿಗೆ ಈ ತೊಡಕು ಚೆನ್ನಾಗಿ ಗೊತ್ತು.

ಅಂದಿನ ಗಡಿಯಾರ ಯಂತ್ರವನ್ನು ಕೊಂಚ ಹತ್ತಿರದಿಂದ ನೋಡಬೇಕು. ಮೇಲೆ ಸುತ್ತಿದ ಹಗ್ಗದ ತುದಿಯಲ್ಲಿ ತೂಕ. ತೂಕ ಇಳಿಯುತ್ತ ಉರುಳೆಯನ್ನು ಎಳೆಯುತ್ತದೆ, ಉರುಳೆ ಹಲ್ಲಿನ ಚಕ್ರಗಳ ಸಾಲನ್ನು ತಿರುಗಿಸುತ್ತದೆ, ಕೊನೆಯ ತಿರುಪು ಅಚ್ಚಿಗೆ ಕೂರಿಸಿದ ದೊಡ್ಡ ಚಕ್ರದ ಹಲ್ಲುಗಳನ್ನು ಒಂದೊಂದಾಗಿ ಮುಂದೆ ನೂಕುತ್ತದೆ. ಗೋಡೆ ಗಡಿಯಾರದ ಹಾಗೆ ಟಿಕ್ ಟಿಕ್ ಎಂದು ತಡೆತಡೆದು ನಡೆದರೆ ಇಲ್ಲಿ ಕೆಲಸ ಕೆಟ್ಟಿತು. ಒಂದೊಂದು ಟಿಕ್ಕಿಗೂ ಸೂರ್ಯ ನಡುಗುತ್ತಾನೆ. ಅದಕ್ಕೆಂದು ಲೋಲಕದ ಬದಲು ತಿರುಗುವ ಎರಡು ಗುಂಡುಗಳ ನಿಯಂತ್ರಕ. ವೇಗ ಹೆಚ್ಚಿದರೆ ಗುಂಡುಗಳು ಅಗಲಕ್ಕೆ ಹಾರಿ ತಡೆಯೊಡ್ಡುತ್ತವೆ, ಕಡಿಮೆಯಾದರೆ ಒಳಗೆ ಬಂದು ಸಡಿಲ ಬಿಡುತ್ತವೆ. ಗಾಳಿಯ ತೇವ, ಎಣ್ಣೆಯ ದಪ್ಪ, ಧೂಳಿನ ಒಂದು ಕಣ, ಎಲ್ಲವೂ ಅದರ ನಡಿಗೆಯನ್ನು ಬದಲಿಸಬಲ್ಲವು. ನಾಲ್ಕೈದು ನಿಮಿಷದ ನೋಟಕ್ಕೆ ವಾರಗಟ್ಟಲೆ ಮೊದಲೇ ಬಂದು ಬಿಡಾರ ಹೂಡುತ್ತಿದ್ದದ್ದು ಇದಕ್ಕಾಗಿ.

ಜಮಖಂಡಿಯಲ್ಲಿ ಖಗ್ರಾಸದ ಹೊತ್ತಿಗೆ ಮೋಡ ಅಡ್ಡಬಂತು. ಹರ್ಷೆಲ್ ಕಂಡದ್ದೆಲ್ಲ ಮೋಡದ ಸಂದುಗಳಲ್ಲಿ. ಗಡಿಯಾರ ಮಾಡುವ ಉಪಕಾರ ಇಲ್ಲೇ ತಿಳಿಯುವುದು: ಮೋಡ ಕವಿದಾಗಲೂ ಯಂತ್ರ ಸೂರ್ಯನ ಜೊತೆ ಹೋಗುತ್ತಲೇ ಇರುತ್ತದೆ, ಸಂದು ತೆರೆದಾಗ ಹೊಸದಾಗಿ ಹುಡುಕುತ್ತ ಕೂರಬೇಕಾಗಿಲ್ಲ. ಒಂದು ಜ್ವಾಲೆ ಸಿಕ್ಕಿತು. ಅದರ ಬೆಳಕು ಕಾಮನಬಿಲ್ಲಿನಂತೆ ಹರಡಲಿಲ್ಲ, ಮೂರು ಹೊಳೆವ ಗೆರೆಗಳಾಗಿ ಒಡೆಯಿತು. ಒಂದು ಕೆಂಪು, ಒಂದು ಕಿತ್ತಳೆ, ಒಂದು ನೀಲಿ. ಜ್ವಾಲೆ ಎಂದರೆ ಕಾದ ಅನಿಲ ಎಂಬುದಕ್ಕೆ ಅಷ್ಟು ಸಾಕು. ಅದೇ ಹೊತ್ತಿಗೆ ಬಿಜಾಪುರದಲ್ಲಿ ಕ್ಯಾಪ್ಟನ್ ಹೇಗ್ ಎಂಬವರು ಕೈಯಲ್ಲಿ ಹಿಡಿಯುವ ಸಣ್ಣ ರೋಹಿತದರ್ಶಕದಿಂದ ನೋಡುತ್ತಿದ್ದರು. ಅವರಿಗೂ ಹೊಳೆವ ಗೆರೆಗಳು ಕಂಡವು. ಆದರೆ ಕೈಯಲ್ಲಿ ಹಿಡಿದ ಉಪಕರಣ ಬಣ್ಣವನ್ನು ಹೇಳೀತೇ ಹೊರತು ಗೆರೆ ಇಂಥಲ್ಲೇ ಇದೆ ಎಂದು ಅಳೆದುಕೊಡಲಾರದು.

ಆ ಅಳತೆಯ ಮೇಲೆಯೇ ಎಲ್ಲ ನಿಂತಿತ್ತು. ಕಿತ್ತಳೆ ಹಳದಿಯ ಆ ಗೆರೆ ಸೋಡಿಯಂನದೇ ಇರಬೇಕು ಎಂದು ಆ ದಿನ ನೋಡಿದ ಹೆಚ್ಚಿನವರು ಭಾವಿಸಿದರು. ಅದು ಸೋಡಿಯಂ ಅಲ್ಲ. ಜಾಗ ಒಂಚೂರು ಆಚೆಗಿತ್ತು. ಮುಂದೆ ನಾರ್ಮನ್ ಲಾಕಿಯರ್ ಅದನ್ನು ಭೂಮಿಯಲ್ಲಿ ಕಾಣದ ಹೊಸ ಮೂಲವಸ್ತು ಎಂದು ಬಗೆದು ಹೀಲಿಯಂ ಎಂದು ಕರೆದರು. 1895ರಲ್ಲಿ ವಿಲಿಯಂ ರಾಮ್ಸೆ ಭೂಮಿಯ ಮೇಲೂ ಅದನ್ನು ಹಿಡಿದರು.

ಗುಂಟೂರಿನಲ್ಲಿದ್ದ ಫ್ರಾನ್ಸಿನ ಪಿಯರ್ ಜಾನ್ಸೆನ್ ಅವರಿಗೆ ಅಂದು ಆಕಾಶ ಒಲಿಯಿತು. ಜ್ವಾಲೆಯ ಗೆರೆಗಳು ಎಷ್ಟು ಪ್ರಖರವಾಗಿದ್ದವೆಂದರೆ, ಗ್ರಹಣ ಇಲ್ಲದೆಯೂ ಇವನ್ನು ನೋಡಬಹುದು ಎಂದು ಅವರಿಗೆ ಹೊಳೆಯಿತು. ಮರುದಿನ ಬೆಳಿಗ್ಗೆ, ಆಗಸ್ಟ್ 19ರಂದು, ತುಂಬು ಬಿಸಿಲಿನಲ್ಲೇ ಸೂರ್ಯನ ಅಂಚಿನ ಮೇಲೆ ಸೀಳುಗಂಡಿ ಕೂರಿಸಿ ನೋಡಿ ತೋರಿಸಿದರು. ಸೂರ್ಯನ ಅಂಚನ್ನೇ ಬಿಡದೆ ಹಿಡಿದಿಟ್ಟುಕೊಳ್ಳಬೇಕಾದ ಕೆಲಸ ಅದು. ಅದೇ ಊರಿನಲ್ಲಿ ಮೇಜರ್ ಜೇಮ್ಸ್ ಟೆನೆಂಟ್ ಒಂಬತ್ತು ಇಂಚಿನ ಕನ್ನಡಿಯ ದೂರದರ್ಶಕದಿಂದ ಆರು ಚಿತ್ರ ತೆಗೆದರು. ಅಂದಿನ ಛಾಯಾಗ್ರಹಣವೆಂದರೆ ಒದ್ದೆ ಗಾಜಿನ ತಟ್ಟೆ. ಲೇಪ ಬಳಿದು, ಆರುವ ಮೊದಲೇ ಬೆಳಕಿಗೆ ಒಡ್ಡಿ, ಆರುವ ಮೊದಲೇ ತೊಳೆಯಬೇಕು. ಆಗಸ್ಟ್ ತಿಂಗಳ ಗುಂಟೂರಿನ ಸೆಕೆಯಲ್ಲಿ, ಕತ್ತಲೆ ಡೇರೆಯೊಳಗೆ, ಆರು ನಿಮಿಷಕ್ಕೂ ಕಡಿಮೆ ಅವಧಿಯಲ್ಲಿ ಆರು ತಟ್ಟೆ! ಡೇರೆಗೂ ದೂರದರ್ಶಕಕ್ಕೂ ನಡುವೆ ಓಡಾಡಿದ ಕೈಗಳನ್ನು ನೆನೆದರೆ ಗೌರವ ಹುಟ್ಟುತ್ತದೆ.

ಮದರಾಸು ವೀಕ್ಷಣಾಲಯದ ಚಿಂತಾಮಣಿ ರಘುನಾಥಾಚಾರಿ ಇದೇ ಗ್ರಹಣವನ್ನು ನಿಜಾಮರ ಸೀಮೆಯ ವನಪರ್ತಿಯಲ್ಲಿ ನೋಡಿದರು. ಪಂಚಾಂಗದ ಲೆಕ್ಕವನ್ನೂ ಯುರೋಪಿನ ಯಂತ್ರವನ್ನೂ ಸಮನಾಗಿ ಬಲ್ಲವರು ಅವರು. 1874ರ ಶುಕ್ರ ಸಂಕ್ರಮದ ಬಗ್ಗೆ ಅವರು ಬರೆದ ಪುಸ್ತಿಕೆ ಕನ್ನಡದಲ್ಲೂ ಪ್ರಕಟವಾಯಿತು. ಗ್ರಹಣ ನೋಡಿ ವರದಿಯನ್ನು ಲಂಡನ್ನಿಗೆ ಕಳಿಸಿದವರು ಬಹಳ. ನೆರೆಹೊರೆಯ ಜನರ ಭಾಷೆಯಲ್ಲಿ ಆಕಾಶವನ್ನು ವಿವರಿಸಲು ಕೂತವರಲ್ಲಿ ಅವರ ಹೆಸರು ಮೊದಲು ಬರಬೇಕು.

ಮೂರೇ ವರ್ಷಕ್ಕೆ ಇನ್ನೊಂದು ಖಗ್ರಾಸ ದಕ್ಷಿಣಕ್ಕೆ ಬಂತು. 1871ರ ಡಿಸೆಂಬರ್ 12. ಈ ಸಲ ನೆರಳು ನೆಲ ಮುಟ್ಟಿದ್ದು ಬೇಕಲದ ಬಳಿ. ಇಂದು ಕೇರಳದ ಕಾಸರಗೋಡು ಜಿಲ್ಲೆಯಲ್ಲಿರುವ ಬೇಕಲ ಅಂದು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಕೋಟೆ ಕೆಳದಿಯ ಶಿವಪ್ಪನಾಯಕನ ಕಾಲದ್ದು. ಲಾಕಿಯರ್ ತಮ್ಮ ತಂಡದೊಂದಿಗೆ ಅಲ್ಲಿ ದೂರದರ್ಶಕಗಳನ್ನು ಹೂಡಿದರು. ಲಾರ್ಡ್ ಲಿಂಡ್ಸೆ ಕಳಿಸಿದ್ದ ಛಾಯಾಗ್ರಾಹಕ ಡೇವಿಸ್ ಅಲ್ಲಿಂದ ಐದು ಚಿತ್ರ ತೆಗೆದರು. ಸುಮಾರು 200 ಕಿಲೋಮೀಟರ್ ಆಚೆ, ನೀಲಗಿರಿಯ ದೊಡ್ಡಬೆಟ್ಟದ ಮೇಲೆ, ಗುಂಟೂರಿನ ಟೆನೆಂಟ್ ಮತ್ತು ಜಮಖಂಡಿಯ ಹರ್ಷೆಲ್ ಜೊತೆಯಾಗಿ ಕಾದಿದ್ದರು. ಅಲ್ಲಿಯೂ ಚಿತ್ರಗಳು ಸಿಕ್ಕವು.

ಸೂರ್ಯನ ಸುತ್ತ ಬೆಳ್ಳಿಯ ಗರಿಗಳಂತೆ ಹರಡುವ ಪ್ರಭಾವಲಯ ಸೂರ್ಯನದೋ, ನಮ್ಮ ಗಾಳಿಯಲ್ಲಿ ಬೆಳಕು ಚದುರಿ ಹುಟ್ಟುವ ಮಾಯೆಯೋ ಎಂಬ ವಾದ ಆಗ ಇನ್ನೂ ತೀರಿರಲಿಲ್ಲ. ಬೇಕಲದ ಕಡಲ ತಡಿಯ ಗಾಳಿ ಬೇರೆ, ದೊಡ್ಡಬೆಟ್ಟದ 2,600 ಮೀಟರ್ ಎತ್ತರದ ಗಾಳಿ ಬೇರೆ. ಮಾಯೆಯಾಗಿದ್ದರೆ ಎರಡು ಕಡೆಯ ಚಿತ್ರ ಬೇರೆ ಬೇರೆ ಇರಬೇಕಿತ್ತು. ತಟ್ಟೆಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಗರಿಗೆ ಗರಿ, ಸಂದಿಗೆ ಸಂದಿ ಹೊಂದಿಕೊಂಡವು. ಪ್ರಭಾವಲಯ ಸೂರ್ಯನದೇ. ಹೀಗೆ ಹೋಲಿಸಿ ನೋಡಲು ತಟ್ಟೆಯ ಮೇಲಿನ ಗೆರೆ ಕದಡದೆ ಉಳಿದಿರಬೇಕಾಗಿತ್ತು. ಸೆಕೆಂಡಿಗೆ ಇಷ್ಟೆಂದು ಜಾರುವ ಬಿಂಬವನ್ನು ಹಲವು ಸೆಕೆಂಡು ಹಿಡಿದಿಟ್ಟ ಗಡಿಯಾರಗಳ ಗೆಲುವು ಅದು, ಬೇಕಲದ್ದು ಒಂದು, ದೊಡ್ಡಬೆಟ್ಟದ್ದು ಒಂದು.

1898ರ ಜನವರಿ 22ರ ಗ್ರಹಣದ ಹೊತ್ತಿಗೆ ಒದ್ದೆ ತಟ್ಟೆ ಹೋಗಿ ಒಣ ತಟ್ಟೆ ಬಂದಿತ್ತು, ಆಸೆಗಳೂ ದೊಡ್ಡದಾಗಿದ್ದವು. ನೆರಳು ಕೊಂಕಣದ ವಿಜಯದುರ್ಗದಲ್ಲಿ ಏರಿ ಮಹಾರಾಷ್ಟ್ರವನ್ನು ಓರೆಯಾಗಿ ಸೀಳಿ ಹೋಯಿತು. ಸೊಲ್ಲಾಪುರ ಸೀಮೆಯ ಜೇವೂರಿನಲ್ಲಿ ಅಮೆರಿಕದ ಲಿಕ್ ವೀಕ್ಷಣಾಲಯದ ಡಬ್ಲ್ಯು. ಡಬ್ಲ್ಯು. ಕ್ಯಾಂಬೆಲ್ ನಿಲ್ಲಿಸಿದ ಕ್ಯಾಮೆರಾದ ಉದ್ದ 40 ಅಡಿ. ಅಷ್ಟು ಉದ್ದದ ಕೊಳವೆಯನ್ನು ಹೊರಳಿಸುವ ಮೌಂಟ್ ಎಲ್ಲಿಂದ ತರುವುದು?

ಲಿಕ್ ವೀಕ್ಷಣಾಲಯದವರೇ ಆದ ಶೆಬರ್ಲಿ ಇದಕ್ಕೆ ಹುಡುಕಿದ್ದ ಉಪಾಯ ಮನಸ್ಸಿಗೆ ತುಂಬ ಹಿಡಿಸುವಂಥದ್ದು. ಕೊಳವೆಯನ್ನು ಕದಲಿಸುವುದೇ ಬೇಡ. ಖಗ್ರಾಸದ ಹೊತ್ತಿಗೆ ಸೂರ್ಯ ಎಲ್ಲಿರುತ್ತಾನೆಂದು ಲೆಕ್ಕ ಹಾಕಿ, ಮಸೂರವನ್ನು ಗೋಪುರದ ಮೇಲೆ ಆ ಕಡೆಗೇ ಬಿಗಿದುಬಿಡುವುದು. ಕೆಳಗೆ ಬಿಂಬ ಬೀಳುವಲ್ಲಿ ಛಾಯಾಗ್ರಹಣದ ತಟ್ಟೆಯನ್ನು ಸಣ್ಣ ಗಾಡಿಯ ಮೇಲಿಟ್ಟು, ಬಿಂಬ ಜಾರುವ ವೇಗದಲ್ಲೇ ಆ ಗಾಡಿಯನ್ನು ಗಡಿಯಾರದಿಂದ ಎಳೆಸುವುದು. 40 ಅಡಿಯ ಮಸೂರದಿಂದ ಬೀಳುವ ಸೂರ್ಯಬಿಂಬ ಸುಮಾರು ನಾಲ್ಕೂವರೆ ಇಂಚು ಅಗಲ. ಅದು ತಟ್ಟೆಯ ಮೇಲೆ ಸೆಕೆಂಡಿಗೆ ಹತ್ತಿರ ಹತ್ತಿರ ಒಂದು ಮಿಲಿಮೀಟರ್ ಓಡುತ್ತದೆ. ಗಾಡಿ ಓಡಬೇಕಾದದ್ದೂ ಅಷ್ಟೇ. ಕ್ಯಾಂಬೆಲ್ ಜೇವೂರಿನಲ್ಲಿ ಈ ಕ್ಯಾಮೆರಾದಿಂದ ಪ್ರಭಾವಲಯದ ದೊಡ್ಡ ದೊಡ್ಡ ಚಿತ್ರಗಳನ್ನು ಪಡೆದರು.

ಅದೇ ಜೇವೂರಿನಲ್ಲಿ ಇನ್ನೊಂದು ಬಿಡಾರವಿತ್ತು. ಪುಣೆಯ ವಿಜ್ಞಾನ ಕಾಲೇಜಿನ ಪ್ರಾಧ್ಯಾಪಕ ಕಾವಸ್‌ಜಿ ದಾದಾಭಾಯಿ ನೈಗಾಂವಾಲಾ ಅವರದು. ಭಾವನಗರದ ಮಹಾರಾಜ ತಖ್ತಸಿಂಗರ ನೆರವಿನಿಂದ ಪುಣೆಯಲ್ಲಿ ವೀಕ್ಷಣಾಲಯ ಕಟ್ಟಿದವರು ಅವರೇ. ಅಲ್ಲಿಯ 20 ಇಂಚಿನ ದೂರದರ್ಶಕ ಬಹುಕಾಲ ದೇಶದಲ್ಲೇ ದೊಡ್ಡದಾಗಿತ್ತು. ಅವರು ನಿವೃತ್ತರಾದ ಮೇಲೆ ವೀಕ್ಷಣಾಲಯ ಮುಚ್ಚಿ, 1912ರಲ್ಲಿ ಉಪಕರಣಗಳು ಕೊಡೈಕನಾಲಿಗೆ ಹೋದವು. ಜೇವೂರಿನ ಗ್ರಹಣದ ಬಗ್ಗೆ ಅವರು ಪ್ರಕಟಿಸಿದ ವರದಿ ಭಾರತೀಯರೊಬ್ಬರು ಮುಂದೆ ನಿಂತು ನಡೆಸಿದ ಗ್ರಹಣ ವೀಕ್ಷಣೆಯ ಮೊದಮೊದಲ ದಾಖಲೆಗಳಲ್ಲಿ ಒಂದು. ಕ್ಯಾಂಬೆಲ್ಲರ ಹೆಸರು ಕೇಳಿದವರು ಇವರ ಹೆಸರನ್ನೂ ಕೇಳಿರಬೇಕಿತ್ತು.

ಕೊಳವೆ ಕದಲಿಸದ ಇನ್ನೊಂದು ದಾರಿ ಕನ್ನಡಿಯದು. 1895ರಲ್ಲಿ ಫ್ರಾನ್ಸಿನ ಗೇಬ್ರಿಯಲ್ ಲಿಪ್‌ಮನ್ ವಿವರಿಸಿದ ಸೀಲೋಸ್ಟಾಟ್ ಎಂಬ ಸಾಧನದಲ್ಲಿ ಚಪ್ಪಟೆ ಕನ್ನಡಿಯೊಂದು ಭೂಮಿಯ ಅಚ್ಚಿಗೆ ಸಮಾನಾಂತರವಾಗಿ ನಿಂತು 48 ಗಂಟೆಗೆ ಒಂದು ಸುತ್ತು ಹಾಕುತ್ತದೆ. 24 ಅಲ್ಲ, 48. ಕನ್ನಡಿ ಒಂದು ಪಾಲು ತಿರುಗಿದರೆ ಪ್ರತಿಫಲಿಸಿದ ಬೆಳಕು ಎರಡು ಪಾಲು ತಿರುಗುತ್ತದಲ್ಲ. ಬಿಂಬ ಜಾರುವುದಿಲ್ಲ, ತನ್ನ ಸುತ್ತ ತಾನು ತಿರುಗುವುದೂ ಇಲ್ಲ. ಕನ್ನಡಿಯೊಂದನ್ನು ತಿರುಗಿಸಿದರಾಯಿತು, ಎಷ್ಟು ಉದ್ದದ ಉಪಕರಣವನ್ನಾದರೂ ನೆಲದ ಮೇಲೆ ಮಲಗಿಸಿಡಬಹುದು. ಗ್ರಹಣದ ಬಿಡಾರಗಳಿಗೆ ಹೇಳಿ ಮಾಡಿಸಿದಂಥ ಯಂತ್ರ. ಕೊಡೈಕನಾಲಿನಲ್ಲಿ 1960ರಲ್ಲಿ ಕಟ್ಟಿದ ಸುರಂಗ ದೂರದರ್ಶಕಕ್ಕೂ ಇದೇ ಆಧಾರ: 11 ಮೀಟರ್ ಎತ್ತರದ ಗೋಪುರದ ಮೇಲೆ ಕನ್ನಡಿಗಳು, ಕೆಳಗೆ 60 ಮೀಟರ್ ಉದ್ದದ ಸುರಂಗ. ಅದೇ ಬೆಟ್ಟದಲ್ಲಿ 1904ರಿಂದ ಇನ್ನೊಂದು ಬಗೆಯ ಕನ್ನಡಿ, ಫೂಕೋ ವಿನ್ಯಾಸದ ಸಿಡೆರೋಸ್ಟಾಟ್, ದಿನದಿನವೂ ಸೂರ್ಯನನ್ನು ಹಿಡಿದು ಮಸೂರದೊಳಕ್ಕೆ ಕಳಿಸುತ್ತ ಬಂತು. ನೂರು ವರ್ಷಕ್ಕೂ ಮಿಕ್ಕಿದ ಸೂರ್ಯನ ದಿನಚರಿ ಹಾಗೆ ಸಂಗ್ರಹವಾಗಿದೆ.

1980ರ ಫೆಬ್ರವರಿ 16, ಶನಿವಾರ. ಶಿವರಾತ್ರಿ ಮುಗಿದ ಬೆನ್ನಿಗೇ ಬಂದ ಅಮಾವಾಸ್ಯೆ. ಈ ಸಲ ನೆರಳಿನ ದಾರಿ ಕನ್ನಡ ನೆಲದ ನಟ್ಟನಡುವೆ. ಕಾರವಾರ ಅಂಕೋಲೆಯ ಕರಾವಳಿಯಿಂದ ಏರಿ ಹುಬ್ಬಳ್ಳಿ, ಗದಗ, ರಾಯಚೂರಿನ ಮೇಲೆ ಹಾಯ್ದು ಆಂಧ್ರಕ್ಕೆ, ಅಲ್ಲಿಂದ ಒಡಿಶಾದ ಪುರಿ ಕೊಣಾರ್ಕಕ್ಕೆ. ಮಧ್ಯಾಹ್ನ ಮೂರೂವರೆ ದಾಟಿದ ಮೇಲೆ ಹಗಲು ಆರಿತು. ಮೂರು ನಿಮಿಷಕ್ಕೂ ಕಡಿಮೆ. ಬಾಗಿಲು ಮುಚ್ಚಿ ಒಳಗೆ ಕೂತವರು ಬಹಳ ಮಂದಿ. ನೀರಿಗೆ ದರ್ಭೆ ಹಾಕಿಟ್ಟು, ಬಿಟ್ಟ ಮೇಲೆ ಮೀಯಲು ಕಾದವರು. ಗದಗ ಸೀಮೆಯ ಆ ವರ್ಷದ ಆಕಾಶವನ್ನು ಅವರು ಕಳೆದುಕೊಂಡರಲ್ಲ ಎಂದು ಈಗಲೂ ಸಂಕಟವಾಗುತ್ತದೆ.

ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಹೊಸೂರಿನಲ್ಲೂ ರಾಯಚೂರು ಜಿಲ್ಲೆಯ ಜವಳಗೇರಾದಲ್ಲೂ ಬಿಡಾರ ಹೂಡಿತ್ತು. ಸಂಸ್ಥೆಯ ಆಗಿನ ನಿರ್ದೇಶಕರು ವೇಣು ಬಾಪು. ಅವರ ತಂಡ ಪಡೆದ ರೋಹಿತಗಳಲ್ಲಿ ಒಂದು ಕೆಂಪು ಗೆರೆಯ ಅಧ್ಯಯನ ಮುಖ್ಯವಾದದ್ದು. ಅದು ಒಂಬತ್ತು ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಕಬ್ಬಿಣದ ಗೆರೆ. ಕಬ್ಬಿಣ ಹಾಗೆ ಸುಲಿದುಹೋಗಬೇಕಾದರೆ ಸುಮಾರು ಹತ್ತು ಲಕ್ಷ ಡಿಗ್ರಿ ಕಾವು ಬೇಕು. ಹರ್ಷೆಲ್ ಮೂರು ಗೆರೆ ಎಣಿಸಿದ ಜಮಖಂಡಿಗೂ ಈ ಜವಳಗೇರಾಕ್ಕೂ ನಡುವೆ 112 ವರ್ಷ, ನೆಲದ ಮೇಲೆ ಮಾತ್ರ ಒಂದು ಹಗಲಿನ ಪ್ರಯಾಣ.

ಅಷ್ಟರಲ್ಲಿ ತೂಕದ ಗುಂಡಿನ ಜಾಗಕ್ಕೆ ವಿದ್ಯುತ್ ಮೋಟಾರು ಬಂದಾಗಿತ್ತು. ಅದರ ಕಷ್ಟವೇ ಬೇರೆ. ಸಿಂಕ್ರನಸ್ ಮೋಟಾರು ಓಡುವುದು ವಿದ್ಯುತ್ತಿನ ತರಂಗಕ್ಕೆ ತಕ್ಕಂತೆ. ಸೆಕೆಂಡಿಗೆ 50 ಆವರ್ತನ ಇರಬೇಕಾದಲ್ಲಿ 49ಕ್ಕೆ ಇಳಿದರೆ ಮೋಟಾರೂ ಅಷ್ಟೇ ನಿಧಾನ, ಸೂರ್ಯ ಮುಂದೆ ಹೋಗಿಬಿಡುತ್ತಾನೆ. ಪಂಪ್‌ಸೆಟ್ಟುಗಳ ಹೊರೆಗೆ ದೀಪವೇ ಮಂಕಾಗುತ್ತಿದ್ದ ಹಳ್ಳಿಯ ಲೈನನ್ನು ನಂಬಿ ದೂರದರ್ಶಕ ಓಡಿಸುವಂತಿಲ್ಲ. ಬ್ಯಾಟರಿ, ಜನರೇಟರು, ಆವರ್ತನವನ್ನು ತಾನೇ ಹುಟ್ಟಿಸಿಕೊಳ್ಳುವ ಪೆಟ್ಟಿಗೆ, ಹೀಗೆ ಸಾಮಾನು ಬೆಳೆಯಿತು. ಆಮೇಲೆ ಸ್ಟೆಪ್ಪರ್ ಮೋಟಾರು ಬಂತು. ಹರಳು ಗಡಿಯಾರ ಒಂದೊಂದು ಹೆಜ್ಜೆಯನ್ನೂ ಎಣಿಸಿ ಕೊಡುತ್ತದೆ, ಮೋಟಾರು ಅಷ್ಟಷ್ಟೇ ಹೆಜ್ಜೆ ಇಡುತ್ತದೆ.

2019ರ ಡಿಸೆಂಬರ್ 26, ಎಳ್ಳಮಾವಾಸ್ಯೆಯ ದಿನ, ಕಂಕಣ ಗ್ರಹಣ. ದಾರಿ ಮಂಗಳೂರು, ಕಾಸರಗೋಡು, ಕೊಡಗು, ಊಟಿ. ಅಂದರೆ ಬೇಕಲದ ಕೋಟೆಯೂ ನೀಲಗಿರಿಯೂ 148 ವರ್ಷದ ಮೇಲೆ ಮತ್ತೆ ಒಂದೇ ನೆರಳಿನಡಿ ಬಂದವು. ಬೆಳಿಗ್ಗೆ ಎಂಟರ ಸುಮಾರಿಗೆ ಹಿಡಿದು, ಒಂಬತ್ತೂ ಇಪ್ಪತ್ತೈದರ ಆಸುಪಾಸು ಬಳೆಯಾಗಿ, ಹನ್ನೊಂದು ದಾಟಿ ಬಿಟ್ಟಿತು. ಅಂದು ಕರಾವಳಿಯಲ್ಲಿ ಮೋಟಾರು ಮೌಂಟ್ ಹೂಡಿದ ಯಾವುದೇ ಹವ್ಯಾಸಿ ಮಾಡಬೇಕಾಗಿದ್ದ ಕೆಲಸ 1868ರ ಕೆಲಸವೇ, ಅದೇ ಕ್ರಮದಲ್ಲಿ.

ಮೊದಲು ನೆಲ. ಮರಳಿನ ಮೇಲೆ ಟ್ರೈಪಾಡ್ ಊರಿದರೆ ಒಂದು ಗಂಟೆಯಲ್ಲಿ ಒಂದು ಕಾಲು ಕೂತಿರುತ್ತದೆ. ಆದ್ದರಿಂದ ಪ್ರತಿ ಕಾಲಿನಡಿ ಹಲಗೆಯ ತುಂಡು. ಗಾರೆಯವರು ಇಡುವ ರಸಮಟ್ಟವನ್ನೇ ಇಟ್ಟು ಗುಳ್ಳೆಯನ್ನು ನಡುವಿಗೆ ತರಬೇಕು. ಆಮೇಲೆ ಉತ್ತರ. ರಾತ್ರಿಯಾದರೆ ಧ್ರುವನಕ್ಷತ್ರ ಉಂಟು. ಬೇಕಲದಲ್ಲಿ ಅದು ದಿಗಂತದಿಂದ ಹನ್ನೆರಡು ಡಿಗ್ರಿ ಅಷ್ಟೇ ಮೇಲೆ, ಒಂದು ತೆಂಗಿನ ತೋಟ ಸಾಕು ಮರೆಮಾಡಲು. ಹಗಲಲ್ಲಿ ದಿಕ್ಸೂಚಿಯೇ ಗತಿ. ಅದರ ಮುಳ್ಳು ನಿಜವಾದ ಉತ್ತರಕ್ಕಿಂತ ಒಂದೆರಡು ಡಿಗ್ರಿ ಆಚೆ ತೋರಿಸುತ್ತದೆ, ಹತ್ತಿರ ಕಾರು ನಿಂತಿದ್ದರೆ, ಕಬ್ಬಿಣದ ಟ್ರೈಪಾಡ್ ಇದ್ದರೆ ಇನ್ನಷ್ಟು ತಪ್ಪುತ್ತದೆ. ಎಲ್ಲಕ್ಕಿಂತ ನಂಬಿಗಸ್ತ ಉಪಾಯ ಹಳೆಯದು: ಹಿಂದಿನ ದಿನ ನೆಟ್ಟಗೆ ನೆಟ್ಟ ಕೋಲಿನ ನೆರಳು ಅತಿ ಗಿಡ್ಡವಾದ ಗಳಿಗೆಯಲ್ಲಿ ಎಳೆದ ಗೆರೆ. ಶಂಕುವಿನ ನೆರಳಿನಿಂದ ದಿಕ್ಕು ಹಿಡಿಯುವ ನಮ್ಮ ಜ್ಯೋತಿಷಿಗಳ ಪಾಠ. ಅಚ್ಚು ಒಂದು ಡಿಗ್ರಿ ತಪ್ಪಿದರೂ ಸೂರ್ಯ ಗಂಟೆಗೆ ಅರ್ಧ ಬಿಂಬದಷ್ಟು ಜಾರಬಹುದು.

ಮಸೂರದ ಮುಂದೆ ಸೂರ್ಯ ಸೋಸುಕವನ್ನು ಬಿಗಿದ ಮೇಲೆಯೇ ಕೊಳವೆಯನ್ನು ಸೂರ್ಯನ ಕಡೆ ತಿರುಗಿಸುವುದು. ಗುರಿಗೆ ಕಣ್ಣು ಬೇಡ, ನೆರಳು ಸಾಕು. ಕೊಳವೆಯ ನೆರಳು ನೆಲದ ಮೇಲೆ ಉದ್ದದಿಂದ ಗಿಡ್ಡವಾಗುತ್ತ, ಗಿಡ್ಡವಾಗುತ್ತ, ಕೊನೆಗೆ ದುಂಡಗಾದಾಗ ಸೂರ್ಯ ಒಳಗಿರುತ್ತಾನೆ.

ಇನ್ನು ವೇಗ. ಕೈಯಲ್ಲಿರುವ ಸಣ್ಣ ಪೆಟ್ಟಿಗೆಯಲ್ಲಿ ಮೂರು ಆಯ್ಕೆ: ತಾರೆ, ಸೂರ್ಯ, ಚಂದ್ರ. ತಾರೆಗಳು ಒಂದು ಸುತ್ತಿಗೆ ತೆಗೆದುಕೊಳ್ಳುವುದು 23 ಗಂಟೆ 56 ನಿಮಿಷ, ಸೂರ್ಯನಿಗೆ 24 ಗಂಟೆ, ಚಂದ್ರನಿಗೆ ಇನ್ನೂ ಹೆಚ್ಚು. ಮರೆತು ತಾರೆಯ ವೇಗದಲ್ಲೇ ಬಿಟ್ಟರೆ ಮೂರು ಗಂಟೆಯ ಗ್ರಹಣದಲ್ಲಿ ಸೂರ್ಯ ಕಾಲು ಬಿಂಬದಷ್ಟು ಸರಿದಿರುತ್ತಾನೆ. ಸೂರ್ಯ ಚಂದ್ರರ ಈ ವೇಗಗಳ ವ್ಯತ್ಯಾಸವೇ ಗ್ರಹಣ. ಚಂದ್ರ ಗಂಟೆಗೆ ಹೆಚ್ಚುಕಡಿಮೆ ತನ್ನ ಒಂದು ಬಿಂಬದಷ್ಟು ಹಿಂದೆ ಬೀಳುತ್ತಾನೆ, ಬೀಳುತ್ತ ಬೀಳುತ್ತ ಸೂರ್ಯನನ್ನು ಹಾಯುತ್ತಾನೆ. ಯಂತ್ರ ಸೂರ್ಯನ ವೇಗದಲ್ಲಿ ಸರಿಯಾಗಿ ಓಡುತ್ತಿದ್ದರೆ ತೆರೆಯ ಮೇಲೆ ಸೂರ್ಯ ಗೋಡೆಗೆ ಹೊಡೆದ ಮೊಳೆಯಂತೆ ನಿಂತಿರುತ್ತಾನೆ, ಚಂದ್ರನ ಕಪ್ಪು ಅಂಚು ಮಾತ್ರ ಪಶ್ಚಿಮದಿಂದ ಮೆಲ್ಲಗೆ ಒಳಗೆ ಬರುತ್ತದೆ.

ಆ ಗುರುವಾರ ಕಡಲ ತಡಿಯಲ್ಲಿ ಹನ್ನೊಂದು ದಾಟಿದ ಮೇಲೆ ಬಿಂಬದ ಅಂಚಿನ ಕೊನೆಯ ಕಪ್ಪು ಚುಕ್ಕೆಯೂ ಅಳಿಸಿತು. ಕನ್ನಡಕ ಕಳಚಿ ಜನ ಬಸ್ಸು ಹಿಡಿಯಲು ಹೊರಟರು. ಯಂತ್ರಕ್ಕೆ ಗ್ರಹಣ ಬಿಟ್ಟದ್ದು ಗೊತ್ತಿಲ್ಲ. ಸ್ವಿಚ್ಚು ಆರಿಸುವವರೆಗೂ, ಕಿವಿಗೊಟ್ಟರಷ್ಟೇ ಕೇಳುವ ಸಣ್ಣ ಗುಂಯ್‌ ಸದ್ದಿನಲ್ಲಿ, ತಿರುಪು ಒಂದೊಂದೇ ಹಲ್ಲನ್ನು ಮುಂದೆ ನೂಕುತ್ತ ಸೂರ್ಯನ ಜೊತೆ ನೆತ್ತಿಯ ಕಡೆಗೆ ಏರುತ್ತಿತ್ತು.